ಗುಪ್ತದಾನಕ್ಕೆ ಹಾಕಿದ ಸಹಿ

2007ರಲ್ಲಿ ನಾನು ಹಾವೇರಿಯಲ್ಲಿ ಆಡಿಟರ್ ಆಗಿದ್ದೆ. ಅಂಗಡಿ, ಸೊಸೈಟಿ, ಟ್ರಸ್ಟುಗಳ ಲೆಕ್ಕ ನೋಡಿ 'ಸರಿಯಾಗಿದೆ' ಎಂದು ಸಹಿ ಹಾಕುವುದು ನನ್ನ ಹೊಟ್ಟೆಪಾಡು. ಆ ವರ್ಷ ದೀಪಾವಳಿಯ ಹೊತ್ತಿಗೆ ಬ್ಯಾಡಗಿಯ ಈರಣ್ಣ ಒಂದು ಹೊಸ ಬಗೆಯ ಲೆಕ್ಕ ತಂದ. ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ಆತ ಮೆಣಸಿನಕಾಯಿ ಬೆಳೆಗಾರರಿಗಾಗಿ ವೆಬ್‌ಸೈಟ್ ಮಾಡಿದ್ದ. ಬ್ಯಾಡಗಿ ಮಾರ್ಕೆಟ್ಟಿನ ದರ ಅದರಲ್ಲಿ ಬರುತ್ತಿತ್ತು. ಜಾಹೀರಾತಿಲ್ಲ, ಸದಸ್ಯರು ಕಳಿಸುವ ನೂರು, ಇನ್ನೂರು ರೂಪಾಯಿ ದೇಣಿಗೆಯಿಂದಲೇ ಅದು ನಡೆಯಬೇಕು. ಹಳ್ಳಿಗಳಲ್ಲಿ ಯಾರಾದರೊಬ್ಬರು ದರದ ಪ್ರಿಂಟ್ ತೆಗೆದು ಹಾಲಿನ ಡೇರಿಯ ಗೋಡೆಗೆ ಅಂಟಿಸುತ್ತಿದ್ದರು.

ಈರಣ್ಣನ ಲೆಕ್ಕ ಒಂದು ರೂಪಾಯಿಯೂ ತಪ್ಪಿರಲಿಲ್ಲ. ಸರ್ವರ್ ಬಾಡಿಗೆ, ಫೋನ್ ಬಿಲ್ಲು, ಎಲ್ಲದಕ್ಕೂ ರಸೀದಿ. ಒಟ್ಟು ದೇಣಿಗೆ 41,300. ಅದರಲ್ಲಿ 25,000 ಒಂದೇ ಸಾಲಿನಲ್ಲಿತ್ತು: ಗುಪ್ತದಾನ.

"ಯಾರದಪಾ ಇದು?" ಎಂದೆ.

"ಹೆಸರು ಹೇಳಬ್ಯಾಡ ಅಂದಾರ್ರಿ. ಹೇಳಿದ್ರ ದಾನದ ಪುಣ್ಯ ಹೋಗತೈತಲ್ರಿ ಸಾಹೇಬ್ರ."

ನಮ್ಮ ಕಡೆ ಗುಪ್ತದಾನ ಎಂದರೆ ಕೈಮುಗಿದು ಸುಮ್ಮನಾಗುವುದು ರೂಢಿ. ಮಠದ ದಾಸೋಹದ ಲೆಕ್ಕದಲ್ಲಿ ಆ ಪದ ಕಂಡರೆ ನಾನು ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಇಲ್ಲಿಯೂ ಹಾಗೇ ಹೋದೆ, ಸಹಿ ಹಾಕಿದೆ. ನನ್ನ ಸರ್ಟಿಫಿಕೇಟನ್ನು ಈರಣ್ಣ ಸ್ಕ್ಯಾನ್ ಮಾಡಿ ದರಪಟ್ಟಿಯ ಕೆಳಗೇ ಹಾಕಿದ. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಪ್ರತಿವರ್ಷ ನಮ್ಮ ಮನೆಗೆ ಮೆಣಸಿನಕಾಯಿ ಕೊಡುತ್ತಿದ್ದ ಕದರಮಂಡಲಗಿಯ ಶಾಂತವ್ವನಿಗೂ ನಾನೇ ಹೇಳಿದೆ: "ಡೇರಿ ಗೋಡಿ ಮ್ಯಾಲಿನ ದರ ನೋಡಿ ಮಾರು. ಲೆಕ್ಕ ನಾ ನೋಡೇನಿ."

ಮಾರ್ಚ್‌ನಲ್ಲಿ ಶಾಂತವ್ವ ಆಫೀಸಿಗೆ ಬಂದಳು. ಕೈಯಲ್ಲಿ ಮಾಲು ಮಾರಿದ ಎರಡು ಚೀಟಿ. ಒಂದು ಅವಳದು: ಮನೆ ಬಾಗಿಲಿಗೆ ಬಂದ ವ್ಯಾಪಾರಿಯೊಬ್ಬನ ಆಳಿಗೆ ಐದು ಕ್ವಿಂಟಲ್ ಮೆಣಸಿನಕಾಯಿ, ಕ್ವಿಂಟಲ್‌ಗೆ 5,200. ಗೋಡೆಯ ಮೇಲೂ ಅದೇ ದರವಿತ್ತು. ಇನ್ನೊಂದು ಪಕ್ಕದ ಹೊಲದವನದು. ಅದೇ ದಿನ ಅಂಥದೇ ಮಾಲನ್ನು ಬ್ಯಾಡಗಿಗೆ ಒಯ್ದ ಆತನಿಗೆ 6,600 ಸಿಕ್ಕಿತ್ತು.

"ಏಳು ಸಾವಿರ ಹೋತ್ರಿ. ಮಗಳ ನರ್ಸಿಂಗ್ ಫೀಜಿಗಂತ ಇಟ್ಟ ಮಾಲು," ಎಂದಳು.

ಮರುದಿನ ಬ್ಯಾಡಗಿಗೆ ಹೋಗಿ ಎರಡೂ ಚೀಟಿ ಈರಣ್ಣನ ಮುಂದಿಟ್ಟೆ. ಗುಪ್ತದಾನಿ ಅದೇ ವ್ಯಾಪಾರಿ. ಈರಣ್ಣ ತಲೆ ಎತ್ತದೆ ಒಪ್ಪಿಕೊಂಡ. "ದರ ಏರಿದಾಗ ಎರಡ ದಿನ ತಡಾ ಮಾಡಿ ಹಾಕು ಅಂದ್ರು. ಅಷ್ಟು ಕೊಟ್ಟವರ ಮಾತು ಹೆಂಗ ತಗದ ಹಾಕಲ್ರಿ?"

ಇಪ್ಪತ್ತೈದು ಸಾವಿರಕ್ಕೆ ಆ ವ್ಯಾಪಾರಿ ಒಂದು ಹಂಗಾಮನ್ನೇ ಕೊಂಡಿದ್ದ, ಜೊತೆಗೆ ನನ್ನ ಸಹಿಯನ್ನೂ. ಸಹಿ ಹಿಂದೆಗೆದುಕೊಂಡು, ದಾನಿಯ ಹೆಸರು ಸಮೇತ ಕಾರಣ ಬರೆದು ಸೈಟಿನಲ್ಲಿ ಹಾಕಿಸಿದೆ. ಸದಸ್ಯರು ತಿರುಗಿಬಿದ್ದದ್ದು ನನ್ನ ಮೇಲೆ. ದಾನಿಯ ಹೆಸರು ಬೀದಿಗೆಳೆದವನು ಪಾಪಿ ಎಂದರು. "ಲೆಕ್ಕ ಸರಿ ಅಂತ ನೀವೇ ಬರೆದಿದ್ದಿರಲ್ಲ?" ಎಂದು ರಾಣೇಬೆನ್ನೂರಿನವನೊಬ್ಬ ಕೇಳಿದ.

ಏಳು ಸಾವಿರ ತೆಗೆದುಕೊಂಡು ಶಾಂತವ್ವನ ಮನೆಗೆ ಹೋದೆ. ಅವಳು ಮುಟ್ಟಲಿಲ್ಲ.

"ರೊಕ್ಕ ಬ್ಯಾಡ್ರಿ. ವ್ಯಾಪಾರಿ ಮಾತು ನಾ ಯಾವತ್ತೂ ನಂಬಿಲ್ಲ. ನಿಮ್ಮ ಸಹಿ ಐತಿ ಅಂತ ನಂಬಿದ್ದೆ."

ಖರ್ಚಿನ ರಸೀದಿ ನೋಡುವುದು ಅರ್ಧ ಕೆಲಸ. ಕೊಟ್ಟವನು ಯಾರು, ಯಾಕೆ ಕೊಟ್ಟ ಎಂದು ಕೇಳುವುದು ಉಳಿದರ್ಧ. ಹುಂಡಿಗೆ ಹಾಕಿದವನ ಹೆಸರು ಬೇಡ, ದೇವರು ಯಾರಿಗೂ ದರ ಹೇಳುವುದಿಲ್ಲ. ಆಮೇಲೆ ನಿವೃತ್ತನಾಗುವವರೆಗೂ ಹುಂಡಿ ಬಿಟ್ಟು ಬೇರೆಲ್ಲೇ ಗುಪ್ತದಾನ ಕಂಡರೂ ಪೆನ್ನು ಕೆಳಗಿಟ್ಟು ಹೆಸರು ಕೇಳಿದೆ. ಕೆಲವರು ಬೇರೆ ಆಡಿಟರ್ ಹುಡುಕಿಕೊಂಡರು. ನಮ್ಮ ಮನೆಗೆ ಮೆಣಸಿನಕಾಯಿ ಈಗ ಅಂಗಡಿಯಿಂದ ಬರುತ್ತದೆ.