ಬಾಯಿಗೆ ಬೇಡವಾದ ಕೈ

ಅಣ್ಣನ ಬಾಯಿ ಸೊಟ್ಟಗಾಗಿದ್ದು ಅರಕಲಗೂಡಿನ ಪೇಟೆಯಲ್ಲಿ, ಅವನ ಬೆಲ್ಲದ ಅಂಗಡಿಯಲ್ಲಿ, ಗಿರಾಕಿಯ ಎದುರಿಗೆ. ತಕ್ಕಡಿ ಹಿಡಿದಿದ್ದ ಬಲಗೈ ಕೆಳಗೆ ಬಿತ್ತು. ಅಗಿಯುತ್ತಿದ್ದ ಎಲೆಅಡಿಕೆ ಅಂಗಿಯ ಮೇಲೆ ಸೋರಿತು. ಅವನ ಮಗ ಮಲ್ಲಪ್ಪ ಮೊದಲು ಬೆಲ್ಲ ತೂಗಿ ಗಿರಾಕಿಯನ್ನು ಕಳಿಸಿ, ಆಮೇಲೆ ಅಪ್ಪನನ್ನು ಎತ್ತಿದನಂತೆ. ನಾನು ನೋಡಿದ್ದಲ್ಲ. ಆದರೆ ನಂಬುತ್ತೇನೆ.

ಹಾಸನದ ಆಸ್ಪತ್ರೆಗೆ ಇದ್ದಿಲಿನ ಬಸ್ಸಿನಲ್ಲಿ ತಂದರು. ಯುದ್ಧದ ಕಾಲ, ಪೆಟ್ರೋಲ್ ಸಿಗುತ್ತಿರಲಿಲ್ಲ. ದಿಬ್ಬ ಬಂದಲ್ಲೆಲ್ಲ ಜನ ಇಳಿದು ತಳ್ಳಬೇಕು. ಆ ಆಸ್ಪತ್ರೆಯಲ್ಲಿ ನಾನು ಆಯಾ. ಬೆಡ್‌ಪ್ಯಾನ್ ಹಿಡಿದು ವಾರ್ಡಿಗೆ ಬಂದವಳು ಮಂಚದ ಮೇಲಿದ್ದವನನ್ನು ಕಂಡು ನಿಂತೆ.

ನನ್ನ ಅಣ್ಣ.

ನಮ್ಮಿಬ್ಬರಿಗೆ ಮಾತು ಬಿಟ್ಟು ಎಷ್ಟೋ ವರ್ಷ. ಗಂಡ ಸತ್ತ ಮೇಲೆ ನಾನು ಕೊರಳ ಲಿಂಗ ತೆಗೆದು ಅಣ್ಣನ ಕೈಗೇ ಕೊಟ್ಟು ಕ್ರಿಸ್ತನ ಸಭೆಗೆ ಸೇರಿದೆ. ಶಿವಮ್ಮ ಇದ್ದವಳು ಮಾರ್ತಮ್ಮ ಆದೆ. ಆವತ್ತು ಅವನ ಮನೆಯವರು ನಾನು ಸತ್ತೆನೆಂದು ತಲೆಗೆ ನೀರು ಹೊಯ್ದುಕೊಂಡರು. ಆಗ ಸತ್ತವಳು ಈಗ ಕೆಲಸ ಬಿದ್ದ ಕೂಡಲೇ ಬದುಕಿಬಿಟ್ಟೆ.

ಡಾಕ್ಟರಮ್ಮ ಪೆರಾಲಿಸಿಸ್ ಅಂದರು. ಔಷಧಿ ಹೆಚ್ಚೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ, ಆಗಾಗ ಮಗ್ಗುಲು ಬದಲಾಯಿಸಿ, ಮೈ ಒಣಗಿರಲಿ, ಮಲಗಿ ಮಲಗಿ ಬೆಡ್ ಸೋರ್ ಹುಣ್ಣಾದರೆ ಆಳು ಉಳಿಯುವುದಿಲ್ಲ ಅಂದರು. ಮಲ್ಲಪ್ಪ ಹೆಂಡತಿ ಗೌರಮ್ಮನ ಮುಖ ನೋಡಿದ. ಗೌರಮ್ಮ ಗೋಡೆ ನೋಡಿದಳು. ಆಮೇಲೆ ಮಲ್ಲಪ್ಪ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದ.

"ಅತ್ತೆ, ನೀನೇ ಬಂದ್ಬುಡು. ಗೌರಿಗೆ ಓಕರಿಕೆ ಬತ್ತದೆ."

"ನಂಗೇನು ಗಂಧದ ವಾಸ್ನೆ ಬತ್ತದಾ?"

"ನಿಂಗೆ ಅಭ್ಯಾಸ ಅಲ್ವಾ. ಇಂದ್ಗಡೆ ಬಾಗ್ಲಲ್ಲಿ ಬಾ, ಅಷ್ಟೇಯ. ಜನ ಏನಂದ್ಬುಟ್ಟಾರು."

ಹೋದೆ. ಮಗಳು, ಮೊಮ್ಮಕ್ಕಳನ್ನು ಹಾಸನದಲ್ಲಿ ಬಿಟ್ಟು, ಹಿಂದಿನ ಬಾಗಿಲಲ್ಲೇ ಹೋದೆ. ನಮ್ಮಪ್ಪ ಕಟ್ಟಿಸಿದ ಮನೆ ಅದು.

ಹೇಲು, ಉಚ್ಚೆ, ಒದ್ದೆ ಬಟ್ಟೆ. ಸೊಂಟ ಒರೆಸಬೇಕು, ಸ್ಪಿರಿಟ್ ಹಚ್ಚಬೇಕು, ಪೌಡರ್ ಹಾಕಬೇಕು, ಹೊರಳಿಸಬೇಕು. ಇದಕ್ಕೆಲ್ಲ ನನ್ನ ಕೈ ಆಗುತ್ತಿತ್ತು. ಗಂಜಿಗೆ, ನೀರಿಗೆ ಆಗುತ್ತಿರಲಿಲ್ಲ. ಅದು ಮಲ್ಲಪ್ಪನ ಕಟ್ಟಲೆ ಅಂದುಕೊಂಡಿದ್ದೆ. ಆದರೆ ಮೊದಲ ದಿನ ನಾನು ಲೋಟ ಹಿಡಿದಾಗ ಅಣ್ಣನೇ ತುಟಿ ಬಿಗಿದ. ಎಡಗೈ ಎತ್ತಿ ಹಣೆಯ ಮೇಲೆ ಮೂರು ಗೆರೆ ಎಳೆದು ತೋರಿಸಿದ. ನಾಲಿಗೆ ತೊದಲುತ್ತಿತ್ತು.

"ಈಬೂತಿ ಇಕ್ಕೊ ಪುಟ್ಟಿ. ನಿನ್ ಕೈಲೇ ಕುಡೀತೀನಿ."

ಅವನು ನನ್ನನ್ನು ಪುಟ್ಟಿ ಎಂದೇ ಕರೆಯುತ್ತಿದ್ದದ್ದು. ಸಾಯುವುದರೊಳಗೆ ತಂಗಿಯನ್ನು ಮನೆಗೆ ವಾಪಸು ತರಬೇಕೆಂದು ಅವನಿಗೆ. ಒಂದು ಗುಟುಕು ನೀರು ಅವನ ಬಾಯಿಗೆ ಹಾಕಬೇಕೆಂದು ನನಗೆ. ನಮ್ಮವ್ವ ಹೊಲಕ್ಕೆ ಹೋದಾಗ ನನಗೆ ತುತ್ತು ಕಲೆಸಿ ತಿನ್ನಿಸಿದವನು ಅವನು.

ಮಲ್ಲಪ್ಪ ನನಗೆ ಬುದ್ಧಿ ಹೇಳಲು ಬಂದ.

"ಒಳಗೆ ಏನಾದ್ರೂ ನಂಬ್ಕೊ ಅತ್ತೆ, ಯಾರು ಬ್ಯಾಡ ಅಂದ್ರು? ಮ್ಯಾಲೆ ಮೂರು ಗೆರೆ ಎಳ್ಕೊ. ಮುದುಕ್ನಿಗೂ ಸಮಾಧಾನ."

ಪಿಂಡಿಯ ಮೇಲೆ ಹಳದಿ ಬೆಲ್ಲ, ಅಡಿಯಲ್ಲಿ ಕಳಪೆ ಕರಿ ಬೆಲ್ಲ ಇಟ್ಟು ಮಾರುವವನ ಬುದ್ಧಿ ಇನ್ನು ಹೇಗಿರುತ್ತದೆ? ವಿಭೂತಿಯ ಮೇಲೆ ನನಗೆ ಸಿಟ್ಟಿಲ್ಲ. ನಂಬಿದವರು ಹಚ್ಚಿಕೊಂಡರೆ ಅದು ಅವರ ಭಕ್ತಿ. ನಂಬದ ನಾನು ಹಚ್ಚಿಕೊಂಡರೆ ವೇಷ. ಅಣ್ಣನಿಗೂ ಮೋಸ, ನನ್ನ ಕರ್ತನಿಗೂ ಮೋಸ. ಅಣ್ಣ ಕೇಳಿದ್ದು ತಂಗಿಯನ್ನು. ಇವನು ಕೊಡಲು ಹೊರಟದ್ದು ಹಣೆಯನ್ನು. ಅಪ್ಪನಿಗೆ ಎಷ್ಟು ಸುಲಭವಾಗಿ ಕರಿ ಬೆಲ್ಲ ತೂಗಲು ಬಂದ ನೋಡಿ.

ಹೀಗಿರುವಾಗ ಗೌರಮ್ಮನ ತವರಿನವರ ಮದುವೆ ಬಂತು, ಚನ್ನರಾಯಪಟ್ಟಣದಲ್ಲಿ. ಗಂಡ ಹೆಂಡತಿ ಇಬ್ಬರೂ ಹೊರಟರು. ಗಂಜಿ ನೀರು ಕುಡಿಸಲು ಪಕ್ಕದ ಮನೆಯ ನಂಜಮ್ಮನಿಗೆ ಹೇಳಿದ್ದರು. ಮಧ್ಯಾಹ್ನವಾದರೂ ನಂಜಮ್ಮ ಬರಲಿಲ್ಲ.

ಬಿಸಿಲಿಗೆ ಹೆಂಚು ಕಾದಿತ್ತು. ಅಣ್ಣನ ತುಟಿ ಒಡೆದಿತ್ತು.

"ನೀರು," ಅಂದ.

ಗೌರಮ್ಮ ತುಂಬಿಸಿಟ್ಟ ಕೊಡದಿಂದಲೇ ಬಗ್ಗಿಸಿ ತಂದೆ. ಮುಖ ತಿರುಗಿಸಿದ.

"ಕುಡಿಯಣ್ಣ. ಯಾರೂ ಇಲ್ಲ, ಯಾರೂ ನೋಡಕಿಲ್ಲ."

"ಶಿವ ನೋಡ್ತಾನೆ."

"ನನ್ನ ದೇವ್ರೂ ನೋಡ್ತಾನೆ. ಅದ್ಕೇ ನಾನೂ ಹಚ್ಕಳಕಿಲ್ಲ. ನಾಲ್ಗೆ ಒಣಗಿದ್ರೂ ಕೊಬ್ಬು ಕರಗಿಲ್ಲ ನಿಂಗೆ."

"ನಿಂಗೇನು ಕಮ್ಮಿಯಾ?"

ಎಡಗೈ ಎತ್ತಿ ಮೇಲೆ ತೋರಿಸಿದ. ಆಮೇಲೆ ಅಂದ: "ಅಲ್ಲಿ ಅವ್ವ ಸಿಕ್ಕಿ, ಪುಟ್ಟೀನ ಎಲ್ಲಿ ಬಿಟ್ಬಂದೆ ಅಂದ್ರೆ ಏನೇಳ್ಲಿ?"

ನಾನು ಲೋಟ ಕೆಳಗಿಟ್ಟೆ.

"ನನ್ನ ಕುಂಡಿ ತೊಳೀತಾವ್ಳೆ ಅನ್ನು."

ಅಣ್ಣ ಅರ್ಧ ಬಾಯಲ್ಲಿ ನಕ್ಕ.

ನೀರು ಕುಡಿಯಲಿಲ್ಲ.

ವಿಭೂತಿಯ ಗಟ್ಟಿ ಅಲ್ಲೇ ಗೂಡಿನಲ್ಲಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಚಾಚಲಿಲ್ಲ. ಹಿತ್ತಿಲಿನಿಂದ ಓಡಿ ನಂಜಮ್ಮನ ಹಿಂಬಾಗಿಲು ಬಡಿದೆ. ಅವಳು ಒರಗಿದ್ದಳು. ಬೈದು ಎಬ್ಬಿಸಿದೆ, ಬರದಿದ್ದಾಗ ಕೈಮುಗಿದೆ. ಗೊಣಗಿಕೊಂಡೇ ಬಂದು, ನಾನು ಮುಟ್ಟಿದ ಲೋಟ ಬೇಡವೆಂದು ಬೇರೆ ಲೋಟದಲ್ಲಿ ನೀರು ತಂದು ಕುಡಿಸಿದಳು. ಅವನ ಗಂಟಲು ಏರಿ ಇಳಿಯುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೊಟ್ಟೆ ಉರಿಯಿತು. ತಣ್ಣಗೂ ಆಯಿತು.

ಆ ಮೇಲೆ ಅವನು ವಿಭೂತಿಯ ಮಾತು ಎತ್ತಲಿಲ್ಲ. ನಾನು ಲೋಟ ಹಿಡಿಯಲಿಲ್ಲ. ಹೊರಳಿಸುವಾಗ ಎಡಗೈಯಿಂದ ನನ್ನ ಭುಜ ಹಿಡಿದುಕೊಳ್ಳುತ್ತಿದ್ದ. ಅದೊಂದು ಹೊಸದು.

ಮಳೆಗಾಲಕ್ಕೆ ಮೊದಲು ಇನ್ನೊಂದು ಸ್ಟ್ರೋಕ್ ಬಂತು. ಹೋಗಿಬಿಟ್ಟ.

ಅವರ ಪದ್ಧತಿಯಂತೆ ಮೈ ತೊಳೆದು ಕೂರಿಸಿದರು. ನನ್ನನ್ನು ಹಿತ್ತಿಲಿಗೆ ಕಳಿಸಿದರು. ಗೋಡೆಯಾಚೆಯಿಂದ ಹೆಂಗಸರ ಮಾತು ಕೇಳುತ್ತಿತ್ತು.

"ಇಷ್ಟು ತಿಂಗ್ಳು ಮಲಗಿದ್ರೂ ಮೈಮ್ಯಾಲೆ ಒಂದು ಹುಣ್ಣಿಲ್ಲ ಕಣವ್ವ. ಸೊಸೆ ಅಂದ್ರೆ ಇಂಗಿರ್ಬೇಕು."

ಗೌರಮ್ಮ ಇನ್ನೂ ಜೋರಾಗಿ ಅತ್ತಳು. ಆ ಹೊಗಳಿಕೆ ಇಟ್ಟುಕೊಳ್ಳಲಿ. ಅವಳ ಪಾಲಿಗೆ ಬೇರೆ ಏನಿದೆ?

ಹಾಸನಕ್ಕೆ ಬಂದೆ. ನಮ್ಮ ಸಭೆಯ ಪಾದ್ರಿಗಳು, "ನಿಮ್ಮಣ್ಣನನ್ನು ಕರ್ತನ ಬಳಿಗೆ ತಂದೆಯಾ ಮಾರ್ತಮ್ಮ? ಸಭೆಯ ಮುಂದೆ ಸಾಕ್ಷಿ ಹೇಳು," ಎಂದರು. ಇವರಿಗೂ ಲಾಭದ ಲೆಕ್ಕವೇ ಬೇಕು. "ಮಗ್ಗುಲು ತಿರುಗಿಸಿದೆ ಸ್ವಾಮಿ, ಮನಸ್ಸು ತಿರುಗಿಸೋಕೆ ನನ್ನಿಂದ ಆಗ್ಲಿಲ್ಲ," ಅಂದೆ. ಅದನ್ನು ಸಭೆಯಲ್ಲಿ ಹೇಳಿಸಲಿಲ್ಲ. ಅದಕ್ಕೇ ಇದನ್ನು ಬರೆದೆ.

ಹುಣ್ಣಾಗದ ಹಾಗೆ ನೋಡಿಕೊಳ್ಳಲು ಈ ಮುದಿ ಸೊಂಟಕ್ಕೆ ಬಲ ಕೊಟ್ಟ ದೇವರಿಗೆ ಸ್ತೋತ್ರ. ಒಂದು ಗುಟುಕು ನೀರು ಹಾಕಬೇಕೆಂದಿದ್ದೆ. ಆಗಲಿಲ್ಲ. ಮೂರು ಗೆರೆ ಎಳೆದುಕೊಂಡಿದ್ದರೆ ಆಗುತ್ತಿತ್ತು.

ಅಣ್ಣ ಎದ್ದು ಬಂದು ಕೇಳಿದರೂ ಎಳೆದುಕೊಳ್ಳುವುದಿಲ್ಲ. ಅವನೂ ಕುಡಿಯುವುದಿಲ್ಲ.