ಅತ್ತಿಗೆಯ ಕಣ್ಗಾವಲು

ನಮ್ಮ ಅತ್ತಿಗೆಗೆ ಅನುಮಾನವೆಂದರೆ ಹಸಿವಿದ್ದ ಹಾಗೆ, ಹೊತ್ತುಹೊತ್ತಿಗೆ ಏನಾದರೂ ಬೀಳಲೇಬೇಕು. ಹುಡುಗಿಯರ ಹಾಸ್ಟೆಲಿನ ವಾರ್ಡನ್ ಕೆಲಸ ಅವರಿಗೆ ಹೇಳಿ ಮಾಡಿಸಿದಂತಿತ್ತು. ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಬೆಕ್ಕೂ ಅವರ ಕಣ್ಣು ತಪ್ಪಿಸಿ ಒಳಗೆ ನುಸುಳುವಂತಿರಲಿಲ್ಲ.

ಆದರೆ ಆ ಕಣ್ಣು ನೆಟ್ಟಿದ್ದು ಕಾರ್ಖಾನೆ ಕೆಲಸಕ್ಕೆಂದು ಬಂದು ನೆಲೆಸಿದ ಬೇರೆ ಭಾಷೆಯ ಜನರ ಹುಡುಗಿಯರ ಮೇಲೆ ಮಾತ್ರ. ಅವರಲ್ಲಿ ಹದಿನಾರಕ್ಕೇ ಗಂಡು ಗೊತ್ತಾಗುತ್ತದೆ, ಮದುವೆಗೆ ಮುಂಚೆಯೇ ಜೊತೆಯಲ್ಲಿ ತಿರುಗುತ್ತಾರೆ, ಬಸುರಾದರೆ ಅವಸರದಲ್ಲಿ ತಾಳಿ ಕಟ್ಟಿಸುತ್ತಾರೆ ಎಂಬುದು ಅತ್ತಿಗೆಯ ವಾದ. ಪೂರ್ತಿ ಸುಳ್ಳೂ ಅಲ್ಲ, ಹಾಗೆ ಓದು ಬಿಟ್ಟವರನ್ನು ನಾನೇ ಕಂಡಿದ್ದೇನೆ. ಅದಕ್ಕೇ ಆ ಹುಡುಗಿಯರನ್ನು ನೋಡಲು ಅಪ್ಪನೇ ಬಂದರೂ ಅತ್ತಿಗೆ ಎದುರಿಗೆ ಕೂತುಬಿಡುತ್ತಿದ್ದರು. ನಮ್ಮವರ ಹುಡುಗಿಯರಿಗೆ ಆ ಕಾಟವಿಲ್ಲ. ಮಾವನೋ ಅಕ್ಕನ ಗಂಡನೋ ಬಂದು ನಿಂತರೆ ಸಾಕು, ಚಹಾ ಕೊಟ್ಟು, ಸಂಜೆಯೊಳಗೆ ಕರೆತನ್ನಿ ಎಂದು ಹುಡುಗಿಯನ್ನು ಜೊತೆಗೆ ಕಳಿಸುತ್ತಿದ್ದರು. ನೆಂಟರನ್ನೂ ಅನುಮಾನಿಸಿದರೆ ಬದುಕುವುದು ಹೇಗೆ ಎಂದು ನನ್ನನ್ನೇ ಕೇಳಿದ್ದರು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಯಾರೋ ವಾಂತಿ ಮಾಡಿಕೊಂಡ ಸದ್ದಾಯಿತು. ಅತ್ತಿಗೆ ಓಡಿದರು. ಒಳಗಿದ್ದವರು ಇಬ್ಬರು: ಹೊರಗಿನವರ ಪೈಕಿ ಉದ್ದ ಜಡೆಯವಳು, ಅವಳ ಕೋಣೆಯಲ್ಲೇ ಇದ್ದ ನಮ್ಮವರ ಹದಿನೈದರ ಹುಡುಗಿ. ಅತ್ತಿಗೆ ಹಿಂದೆಮುಂದೆ ನೋಡದೆ ಉದ್ದ ಜಡೆಯವಳ ರಟ್ಟೆ ಹಿಡಿದರು. ನಾನಲ್ಲ ಎಂದಳು. ಮತ್ತೆ ಯಾರೆಂದರೆ ಬಾಯಿ ಬಿಡಲಿಲ್ಲ. ಹಾಸ್ಟೆಲಿನಿಂದ ಹೊರಗೆ ಹಾಕಿದರೆ ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು. ಅದು ಅವಳಿಗೂ ಗೊತ್ತಿತ್ತು.

ಆಸ್ಪತ್ರೆಗೆ ನಾನೂ ಹೋದೆ. ಜೊತೆಗಿರಲೆಂದು ಅವಳ ಕೋಣೆಯ ಆ ಹುಡುಗಿಯನ್ನೂ ಕರೆದುಕೊಂಡಿದ್ದೆವು. ಉದ್ದ ಜಡೆಯವಳನ್ನು ಪರೀಕ್ಷಿಸಿದ ಡಾಕ್ಟರಮ್ಮ, ಇವಳಿಗೇನೂ ಇಲ್ಲ ಎಂದು, ಬೆಂಚಿನ ಮೇಲೆ ಬಿಳಿಚಿಕೊಂಡು ಕೂತಿದ್ದವಳನ್ನು ಒಳಗೆ ಕರೆದರು.

“ಅವಳು ನಮ್ಮವಳು ಡಾಕ್ಟ್ರೇ, ಅವಳನ್ನ ಯಾಕೆ?” ಎಂದರು ಅತ್ತಿಗೆ.

ಡಾಕ್ಟರಮ್ಮ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಹುಡುಗಿಗೆ ನಾಲ್ಕು ತಿಂಗಳೆಂದು ಹೇಳಿದರು. ಯಾರೆಂದು ಕೇಳಿದ್ದಕ್ಕೆ ಹುಡುಗಿ, ಭಾವ, ಎಂದಷ್ಟೇ ಅಂದಳು. ವಾರವಾರವೂ ಚಹಾ ಕುಡಿದು ಹೋಗುತ್ತಿದ್ದ ಆ ಮನುಷ್ಯನ ಮೇಲೆ ನನಗೆ ಮೈಯೆಲ್ಲ ಉರಿಯಿತು, ಅತ್ತಿಗೆಯ ಮೇಲೂ.

ಅತ್ತಿಗೆ ಹುಡುಗಿಯ ಪಕ್ಕ ಕೂತರು. “ನನ್ನ ಹತ್ರ ಹೇಳ್ಬಾರದಿತ್ತಾ ಮಗಳೇ?”

“ಅವರು ಬಂದಾಗೆಲ್ಲ ಹೊಟ್ಟೆನೋವು ಅಂತ ಮಲಗಿಬಿಡ್ತಿದ್ದೆ,” ಎಂದಳು ಹುಡುಗಿ. “ನೀವೇ ಎಬ್ಬಿಸಿ ಕಳಿಸ್ತಿದ್ರಿ.”