ಬೇಲಿಯಾಚೆ ಮೀನು ಬಿಡಿಸಿದ ಅತ್ತೆ

ಹಿತ್ತಲಿಗೆ ಹೋದವಳು ಹಾಗೇ ನಿಂತುಬಿಟ್ಟೆ. ಈರುಳ್ಳಿಯನ್ನೂ ಒಳಗೆ ಬಿಡದ ನಮ್ಮತ್ತೆ ಬೇಲಿಯಾಚೆ ಕುಕ್ಕರಗಾಲಲ್ಲಿ ಕೂತು, ಮೂಗಿಗೆ ಸೆರಗು ಕಟ್ಟಿಕೊಂಡು, ಬೆಂದ ಮೀನಿನ ಮುಳ್ಳು ಬಿಡಿಸುತ್ತಿದ್ದರು! ಎದುರಿಗೆ ನಮ್ಮ ಬೆಕ್ಕು ಕರಿಯ.

ಒಲೆಯ ಬೂದಿಯಲ್ಲಿ ಕೂತು ಎಷ್ಟು ತಿಣುಕಿದರೂ ಅದಕ್ಕೆ ಉಚ್ಚೆ ಸಲೀಸಾಗಿ ಆಗುತ್ತಿರಲಿಲ್ಲ. ಹೊಳೆನರಸೀಪುರದ ದನದ ಡಾಕ್ಟರು ಔಷಧಿ ಕೊಟ್ಟು, ಹೊಳೆಯ ಸಣ್ಣ ಮೀನನ್ನು ಉಪ್ಪು ಹಾಕದೆ ಬೇಯಿಸಿ ನೀರಿನ ಸಮೇತ ಕೊಡಿ, ಹಾಲಿಗಿಂತ ಅಗ್ಗ ಎಂದಿದ್ದರು. ಹಿಂದಿನ ಮನೆಯ ನಿಂಗಮ್ಮ ತಾನೇ ಮೀನು ತಂದು ಬೇಯಿಸಿದಳು. ಆದರೆ ನೋವಿನಲ್ಲಿದ್ದ ಬೆಕ್ಕು ಅತ್ತೆಯ ಕೈಯಿಂದಲ್ಲದೆ ತಿನ್ನಲೊಲ್ಲದು.

"ನೀವ್ಯಾಕೆ ಮುಟ್ಟೀರಿ ಅಮ್ಮಾರೇ, ನಾ ಬುಡಿಸ್ಕೊಡ್ತೀನಿ ಬುಡಿ" ಎಂದು ನಿಂಗಮ್ಮ ಗೋಗರೆಯುತ್ತಿದ್ದಳು.

ಅತ್ತೆ ನನ್ನತ್ತ ತಿರುಗಿ ರೇಗಿದರು: "ಏನೇ ಹಾಗ್ ನೋಡ್ತೀಯ? ಮೈಲಿಗೆ ಆದ್ರೆ ನಂಗೆ ಸ್ನಾನ ಇದೆ ಕಣೇ. ಇದಕ್ಕೇನಿದೆ? ಹೋಗು, ನೀರು ಕಾಯಿಸು."

ಮದುವೆಯಾಗಿ ಬಂದಾಗಿನಿಂದ ಅವರ ಮಡಿಗೆ ಹೆದರುತ್ತಿದ್ದೆ. ಅಂದು ಹಂಡೆಗೆ ಉರಿ ಹಾಕುತ್ತಾ ಆ ಹೆದರಿಕೆ ಎಲ್ಲಿ ಹೋಯಿತೋ! ಕರಿಯ ಚೇತರಿಸಿಕೊಂಡಿತು, ಆದರೆ ಅತ್ತೆಯ ಕೈಯ ಮೀನಿನ ರುಚಿ ಬಿಡಲಿಲ್ಲ. ಆಮೇಲೆ ಅತ್ತೆ ಬೇಲಿಯತ್ತ ಹೊರಟರೆ ಸಾಕು, ಅವರ ಎರಡನೆಯ ಸ್ನಾನಕ್ಕೆ ನಾನು ಹೇಳಿಸಿಕೊಳ್ಳದೆಯೇ ನೀರು ಕಾಯಿಸುತ್ತಿದ್ದೆ.